ಕರಾವಳಿಯ ಮಳೆಗಾಲದಲ್ಲಿ ಮನೆಯ ಇನ್‌ಕ್ಯುಬೇಟರ್: ಮೂರು ಸುತ್ತು ಬಳಸಿದ ಮೇಲಿನ ಅಭಿಪ್ರಾಯ

ಬ್ರಹ್ಮಾವರದ ನಮ್ಮ ಹಿತ್ತಲಿನಲ್ಲಿ ಹನ್ನೊಂದು ಊರಿನ ಹೇಂಟೆಗಳಿವೆ. ಅವುಗಳಲ್ಲಿ ಸರಿಯಾಗಿ ಕಾವಿಗೆ ಕೂರುವವು ಎರಡೇ. ಕೂತ ಹೇಂಟೆ ಮರಿ ಮಾಡಿ, ಅವುಗಳನ್ನು ಸಾಕಿ, ಮತ್ತೆ ಮೊಟ್ಟೆಯಿಡುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದುಹೋಗುತ್ತದೆ. ಈ ಕಾರಣಕ್ಕೆ ಕಳೆದ ಜೂನ್‌ನಲ್ಲಿ ಉಡುಪಿಯ ಅಂಗಡಿಯೊಂದರಿಂದ ಹೇಂಟೆಯ ಬದಲು ತಾನೇ ಕಾವು ಕೊಡುವ, 24 ಮೊಟ್ಟೆ ಹಿಡಿಸುವ ಇನ್‌ಕ್ಯುಬೇಟರನ್ನು 5,200 ರೂಪಾಯಿ ಕೊಟ್ಟು ತಂದೆ. ಪಾರದರ್ಶಕ ಮುಚ್ಚಳ, ಒಳಗೊಂದು ಸಣ್ಣ ಫ್ಯಾನ್, ಮೊಟ್ಟೆ ಉರುಳಿಸುವ ಮೋಟಾರು, ತಳದಲ್ಲಿ ನೀರು ಹಾಕಲು ಎರಡು ಕಾಲುವೆ, ಇಷ್ಟು ಇದರ ಸ್ವರೂಪ. ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆಯಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮೊಟ್ಟೆ ಇಟ್ಟು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಉಷ್ಣಾಂಶದ ಬಗ್ಗೆ ದೂರು ಹೇಳುವಂತಿಲ್ಲ. ಫ್ಯಾನ್ ಇರುವ ಯಂತ್ರಕ್ಕೆ ಬೇಕಾದ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಅನ್ನು ಅದು ಹಗಲು ರಾತ್ರಿ ಉಳಿಸಿಕೊಂಡಿತು. ಜ್ವರ ನೋಡುವ ಥರ್ಮಾಮೀಟರನ್ನು ನಾಲ್ಕು ಮೂಲೆಗಳಲ್ಲಿಟ್ಟು ಪರೀಕ್ಷಿಸಿದಾಗ ಅರ್ಧ ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಎಲ್ಲಿಯೂ ಕಾಣಲಿಲ್ಲ.

ತೊಂದರೆಯಿರುವುದು ತೇವಾಂಶದಲ್ಲಿ, ಅದಕ್ಕಿಂತ ಹೆಚ್ಚಾಗಿ ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ. ಮೊದಲ ದಿನದಿಂದಲೇ ಒಂದು ಕಾಲುವೆಯಲ್ಲಿ ನೀರು ತುಂಬಿರಬೇಕು, ಹದಿನೆಂಟನೆಯ ದಿನ ಎರಡನೆಯದನ್ನೂ ತುಂಬಬೇಕು ಎಂದು ಅದರಲ್ಲಿ ಬರೆದಿದೆ. ಆಟಿಯಲ್ಲಿ ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಏಳನೆಯ ದಿನ ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಮೂರು ಮೊಟ್ಟೆಗಳು ಬರಿದಾಗಿದ್ದವು. ಉಳಿದ 21ರಲ್ಲಿ ರಕ್ತನಾಳಗಳು ಜೇಡರ ಬಲೆಯಂತೆ ಸ್ಪಷ್ಟವಾಗಿ ಹರಡಿದ್ದವು. ಆದರೆ ಕೊನೆಗೆ ಹೊರಬಂದ ಮರಿಗಳು ಆರು ಮಾತ್ರ. ಇಪ್ಪತ್ತಮೂರನೆಯ ದಿನ ಉಳಿದವುಗಳನ್ನು ಒಡೆದು ನೋಡಿದರೆ, ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗಿನ ನೀರಿನಲ್ಲಿಯೇ ಸತ್ತಿದ್ದವು. ಮೊಟ್ಟೆಯ ದಪ್ಪ ತುದಿಯಲ್ಲಿ ಇರಬೇಕಾದ ಗಾಳಿಯ ಜಾಗ ತೀರಾ ಕಿರಿದಾಗಿತ್ತು.

ಕಾರಣ ತಿಳಿಯುವುದು ಕಷ್ಟವೇನಲ್ಲ, ಆದರೆ ನನಗೆ ಹೊಳೆಯಲು ಒಂದು ಸುತ್ತಿನ ಮರಿಗಳು ಸಾಯಬೇಕಾಯಿತು. ಕಾವಿನ ಮೊದಲ ಹದಿನೆಂಟು ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಸುಮಾರು ಶೇ. 12ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಆಗ ಮಾತ್ರ ಗಾಳಿಯ ಜಾಗ ಹಿಗ್ಗಿ, ಚಿಪ್ಪು ಕುಟುಕುವ ಮೊದಲು ಮರಿಗೆ ಅದರಲ್ಲಿ ಉಸಿರಾಡಲು ಆಗುತ್ತದೆ. ಇದಕ್ಕೆ ಯಂತ್ರದೊಳಗೆ ಸುಮಾರು ಶೇ. 45ರಿಂದ 55ರ ಸಾಪೇಕ್ಷ ತೇವಾಂಶ (ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲಷ್ಟು ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು) ಸಾಕು. ಈಗ ನಮ್ಮ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಕೋಣೆಯಲ್ಲಿ 27 ಡಿಗ್ರಿ ಉಷ್ಣಾಂಶ, ಶೇ. 90ರ ತೇವಾಂಶ. ಅದೇ ಗಾಳಿ ಯಂತ್ರದೊಳಗೆ ಹೋಗಿ 37.5 ಡಿಗ್ರಿಗೆ ಕಾದಾಗ, ಅದರಲ್ಲಿರುವ ನೀರಾವಿ ಅಷ್ಟೇ ಇದ್ದರೂ ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯಬಲ್ಲದಾದ್ದರಿಂದ, ಸಾಪೇಕ್ಷ ತೇವಾಂಶ ಶೇ. 50ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಒಂದು ಹನಿ ನೀರು ಹಾಕದೆಯೇ ಬೇಕಾದ ಹದ ತಾನಾಗಿ ಸಿಕ್ಕಿರುತ್ತದೆ. ಆಟಿಯಲ್ಲಿ ಕಾಲುವೆ ತುಂಬಿಸುವುದು ತೋಯ್ದ ಬಟ್ಟೆಯ ಮೇಲೆ ನೀರು ಚಿಮುಕಿಸಿದಂತೆ. ಜನವರಿಯ ನಸುಕಿನಲ್ಲಿ, ಕೋಣೆಯಲ್ಲಿ 22 ಡಿಗ್ರಿ ಮತ್ತು ಶೇ. 70ರ ತೇವಾಂಶವಿದ್ದಾಗ, ಇದೇ ಲೆಕ್ಕ ಶೇ. 30ಕ್ಕಿಂತ ಕೆಳಗೆ ಬರುತ್ತದೆ. ಆಗ ನೀರು ಬೇಕೇ ಬೇಕು. ಕೈಪಿಡಿ ಬರೆದವರ ಮನಸ್ಸಿನಲ್ಲಿ ಯಾವುದೋ ಒಣ ಹವೆಯ ಊರು ಇದ್ದಿರಬೇಕು.

ಯಂತ್ರದ ತೇವಾಂಶ ಮಾಪಕವೂ ದಾರಿ ತಪ್ಪಿಸಿತು. ಔಷಧಿ ಅಂಗಡಿಯ ಪಕ್ಕದ ಎಲೆಕ್ಟ್ರಾನಿಕ್ಸ್ ಮಳಿಗೆಯಲ್ಲಿ 350 ರೂಪಾಯಿಗೆ ಸಿಕ್ಕ ಪುಟ್ಟ ಡಿಜಿಟಲ್ ಮಾಪಕವೊಂದನ್ನು ತಂದು, ಮೊದಲು ಅದನ್ನೇ ಉಪ್ಪಿನಿಂದ ಪರೀಕ್ಷಿಸಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಹಾಕಿ, ಕರಗಿಹೋಗದಂತೆ ಕೆಸರಿನ ಹದಕ್ಕೆ ನೀರು ಬೆರೆಸಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಒಳಗಿನ ತೇವಾಂಶ ಶೇ. 75ರಲ್ಲಿ ನಿಲ್ಲುತ್ತದೆ. ನನ್ನ ಮಾಪಕ 73 ತೋರಿಸಿತು, ಅಷ್ಟು ಸಾಕು. ಅದನ್ನು ಇನ್‌ಕ್ಯುಬೇಟರಿನೊಳಗೆ ಇಟ್ಟಾಗ ಯಂತ್ರದ ಪರದೆ ಹತ್ತು ಅಂಶದಷ್ಟು ಕಡಿಮೆ ತೋರಿಸುತ್ತಿರುವುದು ಗೊತ್ತಾಯಿತು. ಇದರ ಮೇಲೆ, ಪರದೆಯಲ್ಲಿ 45ಕ್ಕಿಂತ ಇಳಿದರೆ ಯಂತ್ರ ಕೀಂ ಕೀಂ ಎಂದು ಕೂಗುತ್ತದೆ. ಕೂಗು ಕೇಳಿದವರು ನೀರು ಹಾಕುತ್ತಾರೆ, ಮರಿಗಳು ಮುಳುಗುತ್ತವೆ. ಎಚ್ಚರಿಕೆಯ ಮಿತಿಯನ್ನು 30ಕ್ಕೆ ಇಳಿಸಲು ಗುಂಡಿಗಳನ್ನು ಯಾವ ಕ್ರಮದಲ್ಲಿ ಒತ್ತಬೇಕು ಎಂಬುದನ್ನು ಅಂಗಡಿಯವರೇ ತೋರಿಸಿಕೊಟ್ಟರು; ಅದು ಕೈಪಿಡಿಯಲ್ಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕಾಲುವೆಗಳನ್ನು ಒಣಗಿಸಿಯೇ ಮೊಟ್ಟೆ ಇಟ್ಟೆ. ಈ ಸಲ ಮಾಪಕಗಳಿಗಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಹೆಚ್ಚು ನಂಬಿದೆ. ಪೆನ್ಸಿಲ್ ಗುರುತು ಹಾಕಿದ ಐದು ಮೊಟ್ಟೆಗಳ ಒಟ್ಟು ತೂಕ ಮೊದಲ ದಿನ 210 ಗ್ರಾಂ, ಏಳನೆಯ ದಿನ 200, ಹದಿನೆಂಟನೆಯ ದಿನ 185. ಏಳನೆಯ ದಿನ ಇಳಿಕೆ ಕಡಿಮೆಯೆನಿಸಿದರೆ ನೀರು ಕಡಿಮೆ ಮಾಡಬೇಕು, ಜಾಸ್ತಿಯೆನಿಸಿದರೆ ಸ್ವಲ್ಪ ಸೇರಿಸಬೇಕು. ಹದಿನೆಂಟನೆಯ ದಿನ ಉರುಳಿಸುವ ತಟ್ಟೆಯನ್ನು ತೆಗೆದು, ಒಂದು ಕಾಲುವೆಗೆ ಬೆಚ್ಚಗಿನ ನೀರು ಹಾಕಿ ತೇವಾಂಶವನ್ನು ಶೇ. 65-70ಕ್ಕೆ ಏರಿಸಿದೆ, ಏಕೆಂದರೆ ಚಿಪ್ಪು ಒಡೆದ ಮೇಲೆ ಒಳಪೊರೆ ಒಣಗಿದರೆ ಮರಿ ಅದಕ್ಕೇ ಅಂಟಿಕೊಳ್ಳುತ್ತದೆ. ತೇವಾಂಶ ಏರಲೆಂದು ಮುಚ್ಚಳದ ಗಾಳಿಕಿಂಡಿಯನ್ನು ಮುಚ್ಚಬಾರದು. ಹದಿನೆಂಟನೆಯ ದಿನದ ನಂತರದ ಈ ಕೊನೆಯ ಮೂರು ದಿನಗಳಲ್ಲಿಯೇ ಮರಿಗಳಿಗೆ ಗಾಳಿ ಹೆಚ್ಚು ಬೇಕು. ಮರಿ ಕಟ್ಟಿದ್ದ 22 ಮೊಟ್ಟೆಗಳಿಂದ 17 ಮರಿಗಳು ಬಂದವು. ಜನವರಿಯಲ್ಲಿ ಆರಂಭದಿಂದಲೇ ಒಂದು ಕಾಲುವೆಯಲ್ಲಿ ನೀರಿಟ್ಟು 21ರಲ್ಲಿ 18 ಮರಿ ಮಾಡಿಸಿದೆ. ನೀರಿನ ಆಳದಿಂದ ಪ್ರಯೋಜನವಿಲ್ಲ, ಗಾಳಿಗೆ ತೆರೆದುಕೊಂಡಿರುವ ನೀರಿನ ಹರವೇ ಲೆಕ್ಕಕ್ಕೆ ಬರುವುದು ಎಂಬುದನ್ನೂ ಆಗ ಗಮನಿಸಿದೆ.

ಉಳಿದ ಭಾಗಗಳಲ್ಲಿ ಉರುಳಿಸುವ ತಟ್ಟೆ ಅರೆಮನಸ್ಸಿನ ಕೆಲಸ. ಅದರ ಅಳತೆ ಫಾರಂ ಮೊಟ್ಟೆಗೆ ಹೊಂದುತ್ತದೆ. ನಲವತ್ತು ಗ್ರಾಂ ಆಸುಪಾಸಿನ ಊರಿನ ಮೊಟ್ಟೆಗಳು ಜಾರುತ್ತವೆಯೇ ಹೊರತು ಪೂರ್ತಿ ತಿರುಗುವುದಿಲ್ಲ. ಚಿಪ್ಪಿನ ಎರಡು ಬದಿಗೂ ಬೇರೆ ಬೇರೆ ಗುರುತು ಹಾಕಿ, ತಿರುಗದವುಗಳನ್ನು ದಿನಕ್ಕೆ ಮೂರು ಸಲ ಕೈಯಿಂದಲೇ ತಿರುಗಿಸಿದೆ. ಕರೆಂಟು ಹೋಗಿ ಬಂದಾಗ ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ, ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಒಂದೆರಡು ಗಂಟೆಯ ಕಡಿತಕ್ಕೆ ಮುಚ್ಚಳ ತೆಗೆಯದೆ ಕಂಬಳಿ ಹೊದಿಸಿ, ಗಾಳಿಕಿಂಡಿಯನ್ನಷ್ಟೇ ತೆರೆದಿಟ್ಟರೆ ಸಾಕಾಯಿತು. ಗುಡುಗು ಮಳೆಯ ರಾತ್ರಿಗಳಿಗೆ ಮನೆಯ ಇನ್ವರ್ಟರ್ ಒದಗಿತು. ಪ್ರತಿ ಸುತ್ತಿನ ಬಳಿಕ ಪುಕ್ಕದ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ, ಕಾಲುವೆಯ ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಬೇಕು, ಮತ್ತು ನಮ್ಮ ಹವೆಯಲ್ಲಿ ಬಿಸಿಲು ಕಾಣಿಸದೆ ಎತ್ತಿಟ್ಟರೆ ಒಂದೇ ವಾರದಲ್ಲಿ ಬೂಸಲು ಹಿಡಿಯುತ್ತದೆ.

ಕಾಯಿಸುವ ಪೆಟ್ಟಿಗೆಯಾಗಿ ಕೊಟ್ಟ ಹಣಕ್ಕೆ ಇದು ಮೋಸವಿಲ್ಲ. ಕೊಳ್ಳುವವರು ಬೇರೊಂದು ತೇವಾಂಶ ಮಾಪಕವನ್ನೂ ತಕ್ಕಡಿಯನ್ನೂ ಬೆಲೆಯೊಳಗೇ ಸೇರಿಸಿಕೊಳ್ಳಬೇಕು. ಮನೆಯಲ್ಲಿ ನಂಬಿಕೆಯ ಹೇಂಟೆಯೊಂದಿದ್ದು, ವರ್ಷಕ್ಕೆ ಹತ್ತು ಹನ್ನೆರಡು ಮರಿ ಸಾಕೆನ್ನುವವರಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬೈಹುಲ್ಲು ಹಾಸಿದ ಹಳೆಯ ಬುಟ್ಟಿ ಸಾಕು, ಉರುಳಿಸುವುದನ್ನೂ ಹದ ನೋಡುವುದನ್ನೂ ಅವಳೇ ಮಾಡುತ್ತಾಳೆ.