ಟ್ಯಾಂಕಿನ ಹಾಲೋ, ಸಗಣಿಯೋ? ಶ್ವಾಸಕೋಶದ ಹುಳು ಹುಡುಕಿದ ಕತೆ

ಮೇಯಲು ಬಿಟ್ಟ ಹಸುಗಳು ಕೆಮ್ಮಲು ಶುರು ಮಾಡಿದವು. ಕತ್ತು ಚಾಚಿ, ನಾಲಿಗೆ ಹೊರಗೆ ಹಾಕಿ ಕೆಮ್ಮುತ್ತಿದ್ದವು. ಹಾಲೂ ಇಳಿದಿತ್ತು. ಶ್ವಾಸಕೋಶದ ಹುಳು ಇರಬಹುದು ಅನ್ನಿಸಿ, ಮೊದಲು ಎಲ್ಲ ಹಸುಗಳ ಹಾಲೂ ಸೇರುವ ಟ್ಯಾಂಕಿನ ಹಾಲನ್ನು ಪರೀಕ್ಷೆಗೆ ಕಳಿಸಿದೆ. ಸುಲಭ ಅಲ್ವಾ? ಹಾಲು ಕಲಕಿ ಒಂದು ಸಣ್ಣ ಬಾಟಲಿ ತುಂಬಿಸಿದರೆ ಮುಗೀತು, ಒಂದು ಹಸುವನ್ನೂ ಹಿಡಿಯಬೇಕಿಲ್ಲ. ರಿಪೋರ್ಟ್ ನೆಗೆಟಿವ್ ಬಂತು. ಕೆಮ್ಮು ಮಾತ್ರ ನಿಲ್ಲಲಿಲ್ಲ.

ಆಮೇಲೆ ಗೊತ್ತಾಯಿತು. ಹಾಲಿಗೆ ಮಾಡುವ ಈ ಲ್ಯಾಬ್ ಪರೀಕ್ಷೆ, ಅಂದರೆ ಎಲೈಸಾ, ಹುಡುಕುವುದು ಹುಳುವನ್ನಲ್ಲ, ಅದರ ವಿರುದ್ಧ ಹಸುವಿನ ಮೈ ತಯಾರಿಸಿದ ಪ್ರತಿಕಾಯವನ್ನು. ಹೆಚ್ಚಾಗಿ ಬಳಸುವ ಎಲೈಸಾ ಗಂಡು ಹುಳುವಿನ ವೀರ್ಯದ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ನಂಬಿಕೊಂಡಿದೆ. ಅಂದರೆ ಹುಳು ಬಲಿಯಬೇಕು. ಪ್ರತಿಕಾಯ ಕಾಣಲು ಸೋಂಕು ತಗುಲಿ 4-5 ವಾರ ಬೇಕು, ಕೆಮ್ಮು ಅದಕ್ಕೂ ಮೊದಲೇ ಶುರುವಾಗುತ್ತದೆ. ಮೇಲಾಗಿ ನಾಲ್ಕೈದು ಹಸುಗಳ ಪ್ರತಿಕಾಯ ಇಡೀ ಟ್ಯಾಂಕಿನಲ್ಲಿ ಕರಗಿ ತೆಳುವಾಗುತ್ತದೆ. ಮಂದೆಯಲ್ಲಿ ಮೂರರಲ್ಲಿ ಒಂದು ಹಸುವಿಗಾದರೂ ಸೋಂಕಿದ್ದರೆ ಟ್ಯಾಂಕಿನ ಮಾತು ನಂಬಬಹುದು.

ಮುಂದಿನದು ಬೇರ್ಮನ್ ವಿಧಾನ, ಅಂದರೆ ಸಗಣಿಯಲ್ಲಿರುವ ಮರಿಹುಳುಗಳನ್ನು ನೀರಿಗಿಳಿಸಿ ಹುಡುಕುವುದು. ಗುದದಿಂದಲೇ ತೆಗೆದ ಬಿಸಿ ಸಗಣಿ ಬೇಕು. ನೆಲದ್ದು ತಂದರೆ ಮಣ್ಣಿನ ಹುಳುಗಳೂ ಸೇರಿ ತಲೆ ಕೆಡುತ್ತದೆ. ಬಟ್ಟೆಯಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರು ತುಂಬಿದ ಆಲಿಕೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೆಳಗಿನ ಕೊಳವೆಯ ಕ್ಲಿಪ್ ಬಿಚ್ಚಿ ಮೊದಲ ಕೆಲವು ಹನಿ ತೆಗೆದೆ. ಮೈಕ್ರೋಸ್ಕೋಪಿನಡಿ ಕಪ್ಪು ಕಾಳು ತುಂಬಿದಂತಿದ್ದ ಮರಿಹುಳುಗಳು, ಸೋಮಾರಿಯಾಗಿ ಅಲುಗಾಡುತ್ತಿದ್ದವು! ಮೊದಲ ಸಲ ಕಂಡಾಗ ಖುಷಿ, ಜೊತೆಗೆ ಸ್ವಲ್ಪ ಅಸಹ್ಯ.

ಆದರೆ ಅದೂ ಪೂರ್ತಿ ನಂಬಿಕೆಯದ್ದಲ್ಲ. ಮರಿಹುಳು ಸಗಣಿಗೆ ಬರಲು ಸೋಂಕಿನ ನಂತರ ಮೂರು-ನಾಲ್ಕು ವಾರ ಬೇಕು. ಹಿಂದೆ ಸೋಂಕು ಕಂಡ ದೊಡ್ಡ ಹಸುಗಳು ಕೆಮ್ಮಿದರೂ ಸಗಣಿಯಲ್ಲಿ ಏನೂ ಸಿಗದೇ ಇರಬಹುದು.

ನಡುವಿನ ದಾರಿಯೇ ನನಗೆ ಹಿಡಿಸಿತು: ಒಂದೊಂದು ಹಸುವಿನ ಹಾಲನ್ನು ಬೇರೆಬೇರೆಯಾಗಿ ಕಳಿಸುವುದು. ಖರ್ಚು ಜಾಸ್ತಿ, ಆದರೆ ಟ್ಯಾಂಕು ಮುಚ್ಚಿಟ್ಟಿದ್ದ ಹಸುಗಳು ಸಿಕ್ಕವು. ಒಂದು ಎಚ್ಚರಿಕೆ. ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಔಷಧಿ ಕೆಲಸ ಮಾಡಿತಾ ಅಂತ ಹಾಲು ಹೇಳುವುದಿಲ್ಲ, ಅದಕ್ಕೆ ಸಗಣಿಯೇ ಬೇಕು.

ಕಡಸುಗಳದ್ದು ಬೇರೆ ಕತೆ. ಹುಳು ಅವಕ್ಕೇ ಜಾಸ್ತಿ ಕಾಡುವುದು, ಹಾಲೇ ಕೊಡದವುಗಳ ಸುದ್ದಿ ಟ್ಯಾಂಕಿಗೆ ಹೇಗೆ ಬರಬೇಕು? ಅವಕ್ಕೆ ಈಗಲೂ ಆಲಿಕೆ, ಬಟ್ಟೆ, ಒಂದು ರಾತ್ರಿ.