ಟಗ್ ಹಿಲ್‌ನ ಹಿಮಕ್ಕೆ ಎಚ್‌ಆರ್‌ಆರ್‌ಆರ್ ಮತ್ತು ಜಿಎಫ್‌ಎಸ್: ಎರಡು ಚಳಿಗಾಲಗಳ ಹೋಲಿಕೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೊ ಸರೋವರದ ಪೂರ್ವಕ್ಕಿರುವ ಟಗ್ ಹಿಲ್ ಪ್ರಸ್ಥಭೂಮಿಗೆ ಸ್ಕೀಯಿಂಗ್‌ಗೆ ಹೋಗುವ ನಾನು ಎರಡು ಚಳಿಗಾಲ ಅಮೆರಿಕದ ಎರಡು ಹವಾಮಾನ ಮಾದರಿಗಳ, ಅಂದರೆ ಇಡೀ ಜಗತ್ತನ್ನು ಲೆಕ್ಕಹಾಕುವ ಜಿಎಫ್‌ಎಸ್ ಮತ್ತು ಅಮೆರಿಕವನ್ನಷ್ಟೇ ಸೂಕ್ಷ್ಮವಾಗಿ ನೋಡುವ ಎಚ್‌ಆರ್‌ಆರ್‌ಆರ್‌ಗಳ, ಮುನ್ಸೂಚನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಜೊತೆಗೆ ಹಿಮದ ಮುನ್ಸೂಚನೆಯನ್ನು ನಕ್ಷೆಯಲ್ಲಿ ತೋರಿಸುವ ಒಂದು ಸೇವೆಗೂ ಚಂದಾ ಕಟ್ಟಿದ್ದೆ. ಇವುಗಳಲ್ಲಿ ನಾನು ನೆಚ್ಚುವುದು ಎಚ್‌ಆರ್‌ಆರ್‌ಆರ್ ಅನ್ನೇ.

ಜಿಎಫ್‌ಎಸ್‌ನ ಜಾಲರಿಯ ಒಂದು ಚೌಕ ಸುಮಾರು 13 ಕಿ.ಮೀ. ಪಶ್ಚಿಮದ ಗಾಳಿ ಸರೋವರದ ಉದ್ದಕ್ಕೂ ಬೀಸಿ ಕಟ್ಟುವ ಹಿಮಪಟ್ಟಿಯ ಅಗಲ ಎಷ್ಟೋ ಸಲ ಅಂಥ ಒಂದೆರಡು ಚೌಕಗಳಷ್ಟೇ ಆಗಿರುವುದರಿಂದ, ಅದು ಆ ನಕ್ಷೆಯಲ್ಲಿ ಹರಡಿ ತೆಳುವಾಗುತ್ತದೆ. ಸರೋವರದ ಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುವ ಗುಡ್ಡವೂ ಅಲ್ಲಿ ತಗ್ಗಿಹೋಗುತ್ತದೆ. ಆದರೂ ನಾಲ್ಕು ದಿನ ಮುಂಚೆ ಗಾಳಿಯ ದಿಕ್ಕನ್ನೂ, 850 ಹೆಕ್ಟೋಪ್ಯಾಸ್ಕಲ್ ಮಟ್ಟದ (ಸುಮಾರು ಒಂದೂವರೆ ಕಿ.ಮೀ. ಎತ್ತರದ) ಉಷ್ಣಾಂಶ ಸರೋವರದ ನೀರಿಗಿಂತ, ಇಂಥ ಹಿಮಪಟ್ಟಿ ಕಟ್ಟಲು ಬೇಕಾದ 13 ಡಿಗ್ರಿ ಸೆಲ್ಸಿಯಸ್‌ನಷ್ಟು, ಕಡಿಮೆ ಇದೆಯೇ ಎಂಬುದನ್ನೂ ತಿಳಿಯಲು ಅದೇ ಸಾಕು.

ಎಚ್‌ಆರ್‌ಆರ್‌ಆರ್‌ನ ಚೌಕ 3 ಕಿ.ಮೀ. ಅದು ಪ್ರತಿ ಗಂಟೆಯೂ ಹೊಸದಾಗುತ್ತದೆ. ಪಟ್ಟಿಯ ಜಾಗವನ್ನು ಅದೂ ತಪ್ಪುತ್ತದೆ: ಗಾಳಿಯ ದಿಕ್ಕು 10 ಡಿಗ್ರಿ ಬದಲಾದರೆ, 100 ಕಿ.ಮೀ. ಸಾಗುವಷ್ಟರಲ್ಲಿ ಪಟ್ಟಿ ಸುಮಾರು 17 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು ನೀರನ್ನು ಹಿಮವಾಗಿ ಪರಿವರ್ತಿಸುವ ಲೆಕ್ಕ. ಉಚಿತ ನಕ್ಷೆಗಳು ಬಹುಪಾಲು ಒಂದು ಅಂಗುಲ ನೀರಿಗೆ ಹತ್ತು ಅಂಗುಲ ಹಿಮ ಎಂದು ಹಿಡಿಯುತ್ತವೆ. ಒಂದು ಜನವರಿ ರಾತ್ರಿ ಎಚ್‌ಆರ್‌ಆರ್‌ಆರ್ 0.8 ಅಂಗುಲ ನೀರು ಎಂದಿತ್ತು, ನಕ್ಷೆಯಲ್ಲಿ 8 ಅಂಗುಲ ಹಿಮ ಕಂಡಿತು. ಬೆಳಿಗ್ಗೆ ಹಿಮ ಅಳೆಯಲು ಹೊರಗಿಟ್ಟಿದ್ದ ನನ್ನ ಬಿಳಿ ಹಲಗೆಯ ಮೇಲೆ 18 ಅಂಗುಲ ನಿಂತಿತ್ತು. ಒಂದು ಡಬ್ಬಿಯನ್ನು ಬೋರಲಾಗಿ ಹಲಗೆಯವರೆಗೂ ಒತ್ತಿ, ಅದರೊಳಗೆ ಸಿಕ್ಕ ಹಿಮವನ್ನು ಒಳಗೆ ತಂದು ಕರಗಿಸಿ ಅಳೆದಾಗ ನೀರು 0.8ರ ಆಸುಪಾಸಿನಲ್ಲೇ ಇತ್ತು. ಮಾದರಿ ಹೇಳಿದ್ದು ಸರಿಯಾಗಿತ್ತು, ತಪ್ಪಿದ್ದು ನಕ್ಷೆಯ ಗುಣಾಕಾರ.

ಅಂದಿನಿಂದ ನಾನೇ 20ರಿಂದ ಗುಣಿಸತೊಡಗಿದೆ, ಮತ್ತು ಮುಂದಿನ ತಿಂಗಳೇ ಮೋಸಹೋದೆ. ಆ ಸಲ ಬಂದದ್ದು ದೊಡ್ಡದೊಂದು ಚಂಡಮಾರುತದ ಹಿಮ. ಸರೋವರ ಅದಕ್ಕೆ ಬಲ ತುಂಬಿತ್ತು, ಗುಡ್ಡದ ಏರು ಇನ್ನಷ್ಟು ಸೇರಿಸಿತ್ತು. 22 ಅಂಗುಲ ನಿರೀಕ್ಷಿಸಿದ ಕಡೆ ಸಿಕ್ಕಿದ್ದು 11, ಅದೂ ಸಲಿಕೆಗೆ ಭಾರವಾಗುವಂಥದ್ದು. ಮೋಡದೊಳಗೆ ಗಾಳಿ ಅತಿ ಜೋರಾಗಿ ಮೇಲೇರುವ ಪದರ ಮೈನಸ್ 12ರಿಂದ ಮೈನಸ್ 18 ಡಿಗ್ರಿಯ ನಡುವೆ ಇದ್ದರೆ ಹರಳುಗಳು ಕವಲೊಡೆದು ಹಗುರವಾಗಿ ಪೇರುತ್ತವೆ. ಆ ದಿನ ಅದು ಅದಕ್ಕಿಂತ ಬೆಚ್ಚಗಿನ ಪದರದಲ್ಲಿತ್ತು.

ಚಂದಾ ಸೇವೆಯಲ್ಲಿದ್ದ ಕುಚೇರಾ ಸೂತ್ರ, ಅಂದರೆ ನೀರನ್ನು ಎಷ್ಟರಿಂದ ಗುಣಿಸಬೇಕೆಂದು ಉಷ್ಣಾಂಶದಿಂದ ಲೆಕ್ಕಹಾಕುವ ಸೂತ್ರ, ಇದನ್ನು ಬಿಡಿಸೀತೆಂದು ನಂಬಿದ್ದೆ. ಅದು ಕೆಳಗಿನ ವಾತಾವರಣದ ಅತ್ಯಂತ ಬೆಚ್ಚಗಿನ ಪದರವನ್ನಷ್ಟೇ ನೋಡುತ್ತದೆಯೇ ಹೊರತು, ಗಾಳಿ ಎಲ್ಲಿ ಮೇಲೇರುತ್ತಿದೆ ಎಂಬುದನ್ನು ನೋಡುವುದಿಲ್ಲ.

ನಾನು ಮುನ್ಸೂಚನೆ ನೋಡುವುದು ಹೊರಡುವ ಹಿಂದಿನ ರಾತ್ರಿ ಒಮ್ಮೆ, ನಸುಕಿನಲ್ಲಿ ಇನ್ನೊಮ್ಮೆ. ಅಷ್ಟಕ್ಕೆ ಎಚ್‌ಆರ್‌ಆರ್‌ಆರ್‌ನ ನೀರಿನ ಅಂಕಿ ಮತ್ತು ಅದರದೇ ಲಂಬ ಉಷ್ಣಾಂಶದ ರೇಖಾಚಿತ್ರ ಸಾಕು, ಎರಡೂ ಉಚಿತ. ಆ ಚಿತ್ರವನ್ನು ನೋಡಿ ಹತ್ತರಿಂದ ಗುಣಿಸಬೇಕೋ ಇಪ್ಪತ್ತರಿಂದಲೋ ಎಂದು ನಾನೇ ನಿರ್ಧರಿಸುತ್ತೇನೆ. ಚಂದಾವನ್ನು ಮುಂದುವರಿಸಿಲ್ಲ.