ಮೊದಲ ಕಾಮಿಕ್ಸ್: ಅಮರ ಚಿತ್ರ ಕಥೆಯೋ, ಟಿನ್‌ಟಿನ್ನೋ?

ಚಿತ್ರಕಥೆ ಓದುವ ಅಭ್ಯಾಸವೇ ಇಲ್ಲದವರು ಎಲ್ಲಿಂದ ಶುರು ಮಾಡಬೇಕು? ಪುಸ್ತಕದಂಗಡಿಯಲ್ಲಿ ಸುಲಭವಾಗಿ ಕೈಗೆ ಸಿಗುವ ಎರಡು ಮಾಲೆಗಳನ್ನೇ ನೋಡೋಣ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯ ಬಿಡಿ ಸಂಚಿಕೆ ಸಾಮಾನ್ಯವಾಗಿ 32 ಪುಟಗಳದ್ದು. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಹೆಚ್ಚಿನವು ಪುರಾಣ, ಇತಿಹಾಸದ ಕಥೆಗಳು; ಮೊದಲೇ ಗೊತ್ತಿರುವುದರಿಂದ ಮಕ್ಕಳು ಎಲ್ಲೂ ತಡವರಿಸುವುದಿಲ್ಲ. ಕೊರತೆಯೆಂದರೆ, ಎಷ್ಟೋ ಕಡೆ ಚಿತ್ರ ತೋರಿಸಿದ್ದನ್ನೇ ಮೇಲಿನ ಬರಹವೂ ಹೇಳುತ್ತದೆ.

ಬೆಲ್ಜಿಯಂನ ಚಿತ್ರಕಾರ ಎರ್ಜೆ ರಚಿಸಿದ, ಯುವ ವರದಿಗಾರನೊಬ್ಬನ ಸಾಹಸಗಳ ಮಾಲೆ ಟಿನ್‌ಟಿನ್‌ನಲ್ಲಿ ಚಿತ್ರವೇ ಕಥೆ ನಡೆಸುತ್ತದೆ. ‘ಟಿನ್‌ಟಿನ್ ಇನ್ ಟಿಬೆಟ್’ ತೆಗೆದುಕೊಳ್ಳಿ. ಹಿಮದ ಬಂಡೆಯಿಂದ ಜಾರಿದ ಕ್ಯಾಪ್ಟನ್ ಹ್ಯಾಡಕ್ ಹಗ್ಗದಲ್ಲಿ ನೇತಾಡುತ್ತಿದ್ದಾನೆ. ಅದೇ ಹಗ್ಗದ ಮೇಲ್ತುದಿಯಲ್ಲಿರುವ ಗೆಳೆಯ ಟಿನ್‌ಟಿನ್ ಆದರೂ ಉಳಿಯಲಿ ಎಂದು ಹಗ್ಗ ಕತ್ತರಿಸಲು ಹೊರಟರೆ, ಮರಗಟ್ಟಿದ ಬೆರಳುಗಳಿಂದ ಚಾಕು ಜಾರಿ ಬೀಳುತ್ತದೆ. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎದೆ ಹಾರುತ್ತದೆ; ಕಾಮಿಕ್ಸ್‌ನ ಶಕ್ತಿ ಏನೆಂದು ನನ್ನನ್ನು ಕೇಳಿದವರಿಗೆಲ್ಲ ನಾನು ತೋರಿಸುವುದು ಇದನ್ನೇ. ಇಡೀ ಕಥೆಯಲ್ಲಿ ಖಳನಾಯಕನೇ ಇಲ್ಲ! ನಡುವೆ ದೆಹಲಿಯೂ ಬರುತ್ತದೆ, ಅಲ್ಲೊಂದು ಹಸು ಹ್ಯಾಡಕ್‌ನನ್ನು ಬೆನ್ನ ಮೇಲೆ ಹೊತ್ತು ಓಡುತ್ತದೆ. ಅಕ್ಷರಗಳು ಮಾತ್ರ ಸಣ್ಣವು, 62 ಪುಟಗಳಿಗೆ ತಾಳ್ಮೆಯೂ ಬೇಕು.

ಹತ್ತರ ಒಳಗಿನ ಮಕ್ಕಳಿಗೆ ಅಮರ ಚಿತ್ರ ಕಥೆಯನ್ನೇ ಕೊಡಿ. ‘ಕಾಮಿಕ್ಸ್ ಮಕ್ಕಳಿಗಷ್ಟೇ’ ಎನ್ನುವ ದೊಡ್ಡವರಿಗೆ ಟಿನ್‌ಟಿನ್. ಎರಡರಲ್ಲೂ ಮೊದಲ ಸಂಚಿಕೆಯಿಂದಲೇ ಓದಬೇಕೆಂಬ ನಿಯಮವಿಲ್ಲ. ಆದರೆ ‘ದಿ ಸೆವೆನ್ ಕ್ರಿಸ್ಟಲ್ ಬಾಲ್ಸ್’ ಕೊಂಡರೆ ಜೊತೆಗೆ ‘ಪ್ರಿಸನರ್ಸ್ ಆಫ್ ದಿ ಸನ್’ ಕೂಡ ಕೊಳ್ಳಿ, ಕಥೆ ಮುಗಿಯುವುದು ಅದರಲ್ಲಿ.